ಟರ್ಬೋ ಹಾಕಿಸ್ತೀರಾ? ಸ್ವಲ್ಪ ತಡೀರಿ ಸ್ವಾಮಿ!

ಈ ವಿಷಯ ಬರೀಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ತಾನೇ ಇದ್ದೆ. ಆಫೀಸಿನಲ್ಲಿ ರಿಲೀಸು, ವೀಕೆಂಡಿನಲ್ಲಿ ಸೋಮಾರಿತನ, ಹೀಗೆ ಮುಂದಕ್ಕೆ ಹೋಗ್ತಾ ಇತ್ತು. ಈಗ ಬರೆಯದಿದ್ದರೆ ಹೊಟ್ಟೆ ಉಬ್ಬರ ಇಳಿಯೋದಿಲ್ಲ ಅನ್ನಿಸಿ ಕೂತಿದ್ದೀನಿ. ಕಾರಿನ ಗಂಧಗಾಳಿ ಇಲ್ಲದವರೂ ಓದಿ, ಆದಷ್ಟು ಸರಳವಾಗಿ ಹೇಳ್ತೀನಿ.

ಇಲ್ಲಿ ಬೇ ಏರಿಯಾದಲ್ಲಿ ನನ್ನಂಥ ಸಾಫ್ಟ್‌ವೇರ್ ಮಂದಿಗೆ ಒಂದು ಚಟ ಇದೆ. ಕೈಗೆ ನಾಲ್ಕು ಕಾಸು ಸೇರಿದ ತಕ್ಷಣ ಹಳೇ ಮಜ್ದಾ ಮಿಯಾಟಾ ಒಂದನ್ನು ಕೊಳ್ಳೋದು. ಎರಡೇ ಸೀಟು, ಮೇಲೆ ಬಟ್ಟೆಯ ಚಾವಣಿ. ವೀಕೆಂಡು ಬಂದರೆ ಸ್ಕೈಲೈನ್ ರಸ್ತೆಯಲ್ಲಿ, ಹೈವೇ 9ರ ತಿರುವುಗಳಲ್ಲಿ ಸುತ್ತಾಟ. ಇಲ್ಲೀವರೆಗೂ ಚೆನ್ನಾಗಿದೆ. ಆರು ತಿಂಗಳು ಕಳೆದ ಮೇಲೆ ಶುರುವಾಗುತ್ತೆ ನೋಡಿ: "ಪವರ್ ಸಾಲ್ತಿಲ್ಲ ಗುರು, ಟರ್ಬೋ ಹಾಕಿಸೋಣ ಅಂತಿದ್ದೀನಿ." ಪಕ್ಕದಲ್ಲಿದ್ದವರೆಲ್ಲ "ಹಾಕ್ಸು ಹಾಕ್ಸು" ಅಂತಾರೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ನಾನು ಬೇಡ ಅನ್ನೋ ಪಕ್ಷ. ಮೊದಲೇ ಸ್ಪಷ್ಟ ಮಾಡಿಬಿಡ್ತೀನಿ, ಟರ್ಬೋ ಅನ್ನೋದು ಕೆಟ್ಟ ವಸ್ತು ಅಂತ ನಾನು ಹೇಳ್ತಿಲ್ಲ. ಟರ್ಬೋಗಾಗಿಯೇ ಹುಟ್ಟಿದ ಎಂಜಿನ್ನಿನಲ್ಲಿ ಅದು ಅದ್ಭುತ. ಟರ್ಬೋ ಇಲ್ಲದೆ ಹುಟ್ಟಿ, ಟರ್ಬೋ ಇಲ್ಲದೆಯೇ ಹದವಾಗಿ ಬೆಳೆದ ಸ್ಪೋರ್ಟ್ಸ್ ಕಾರಿಗೆ ಅದನ್ನು ತಗುಲಿಸೋದಕ್ಕೆ ಮಾತ್ರ ನನ್ನ ವಿರೋಧ.

ಮೊದಲು ಕಾರಿನ ವಿಷಯ. ಮಿಯಾಟಾವನ್ನು ಮಜ್ದಾ 1989ರಲ್ಲಿ ಶಿಕಾಗೋ ಆಟೋ ಷೋದಲ್ಲಿ ಜಗತ್ತಿಗೆ ತೋರಿಸಿತು. 1.6 ಲೀಟರಿನ ಎಂಜಿನ್ನು, ಬರೀ 116 ಅಶ್ವಶಕ್ತಿ. ತೂಕ ಒಂದು ಟನ್ನಿಗೂ ಕಡಿಮೆ. ಇದನ್ನು ಕಟ್ಟಿದ ತಂಡದ ಮುಖ್ಯಸ್ಥ ತೋಶಿಹಿಕೋ ಹಿರಾಯ್. ಅವರು ಹಿಡಿದುಕೊಂಡಿದ್ದು 'ಜಿನ್ಬಾ ಇತ್ತಾಯ್' ಅನ್ನೋ ಜಪಾನಿ ಮಾತು, ಅಂದರೆ ಕುದುರೆ ಮತ್ತು ಸವಾರ ಒಂದೇ ಆಗೋದು. ಗಮನಿಸಿ, ಕುದುರೆ ಎಷ್ಟು ಜೋರಾಗಿ ಓಡುತ್ತೆ ಅನ್ನೋದು ಆ ಮಾತಿನಲ್ಲಿ ಎಲ್ಲೂ ಇಲ್ಲ. 2016ರ ಏಪ್ರಿಲ್ಲಿನಲ್ಲಿ ಹತ್ತು ಲಕ್ಷದ ಮಿಯಾಟಾ ತಯಾರಾಯಿತು. ಹತ್ತು ಲಕ್ಷ ಜನ ಪವರ್ ನೋಡಿ ಕೊಂಡರು ಅಂತೀರಾ?

ಈಗ ಒಂದಿಷ್ಟು ಎಂಜಿನಿಯರಿಂಗು. ಕಾಲೇಜಿನಲ್ಲಿ ಥರ್ಮೋಡೈನಮಿಕ್ಸ್ ಕ್ಲಾಸಿನಲ್ಲಿ ನಿದ್ದೆ ಮಾಡಿದವರು ಇಲ್ಲಿ ಎದ್ದು ಕೂರಬೇಕಾಗಿ ವಿನಂತಿ :-)

ಸಾಮಾನ್ಯ ಎಂಜಿನ್ನು ತಾನೇ ಉಸಿರೆಳೆದುಕೊಳ್ಳುತ್ತೆ. ಪಿಸ್ಟನ್ನು ಕೆಳಗಿಳಿದಾಗ ಹೊರಗಿನ ಗಾಳಿ ಒಳಗೆ ನುಗ್ಗುತ್ತೆ, ಅಷ್ಟೇ. ಟರ್ಬೋ ಇದ್ದರೆ, ಹೊರಹೋಗುವ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುರುಕುತ್ತೆ. ಗಾಳಿ ಹೆಚ್ಚಾದರೆ ಪೆಟ್ರೋಲನ್ನೂ ಹೆಚ್ಚು ಸುಡಬಹುದು, ಪವರ್ ಏರುತ್ತೆ. ಕೇಳೋಕೆ ಬಿಟ್ಟಿ ಊಟದ ಹಾಗಿದೆ. ಅಲ್ಲ.

ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತೆ. ಸೈಕಲ್ಲಿಗೆ ಪಂಪ್ ಹೊಡೆದವರಿಗೆಲ್ಲ ಗೊತ್ತು, ಪಂಪಿನ ಬುಡ ಸುಡುತ್ತೆ. ಲೆಕ್ಕ ಹಾಕೋಣ. ಹೊರಗಿನ ಗಾಳಿ 27 ಡಿಗ್ರಿ, ಅದರ ಒತ್ತಡವನ್ನು ಒಂದೂವರೆ ಪಟ್ಟು ಮಾಡಿದ್ದೀರಿ, ಟರ್ಬೋದ ದಕ್ಷತೆ 70 ಪರ್ಸೆಂಟ್ ಅಂತಿಟ್ಟುಕೊಳ್ಳಿ. ಗಾಳಿ ಸುಮಾರು 80 ಡಿಗ್ರಿಗೆ ಏರುತ್ತೆ. ಬಿಸಿ ಗಾಳಿ ಹಿಗ್ಗುತ್ತೆ, ಹಾಗಾಗಿ ಒತ್ತಡ 50 ಪರ್ಸೆಂಟ್ ಏರಿದರೂ ಒಳಹೋಗುವ ಗಾಳಿ ಏರೋದು ಬರೀ 27 ಪರ್ಸೆಂಟಿನಷ್ಟು. "ಇಂಟರ್‌ಕೂಲರ್ ಹಾಕಿದರಾಯ್ತು" ಅಂತೀರಿ. ಸರಿ, ಹಾಕಿ. ಆದರೆ ಅದು ಕೂರೋದೆಲ್ಲಿ? ರೇಡಿಯೇಟರಿನ ಮುಂದೆ. ಈಗ ರೇಡಿಯೇಟರಿಗೆ ಸಿಗೋದು ಇಂಟರ್‌ಕೂಲರ್ ಬಿಟ್ಟ ಬಿಸಿಯುಸಿರು. ಎಂಜಿನ್ನಿನ ಬಿಸಿಯೂ ಹೆಚ್ಚಾಗಿದೆ, ತಣ್ಣಗಾಗೋ ದಾರಿಯೂ ಕಡಿಮೆಯಾಗಿದೆ. ದೊಡ್ಡ ರೇಡಿಯೇಟರ್ ತನ್ನಿ!

ಇದು ಬರೀ ಶುರು. 1.6 ಎಂಜಿನ್ನಿನ ಕಂಪ್ರೆಷನ್ ರೇಷಿಯೋ 9.4. ಟರ್ಬೋ ಇಲ್ಲದ ಕಾರಿಗೆ ಅದು ಹದವಾದ ಸಂಖ್ಯೆ. ಮೊದಲೇ ಒತ್ತಿ ಬಿಸಿ ಮಾಡಿದ ಗಾಳಿಯನ್ನು ಸಿಲಿಂಡರಿನಲ್ಲಿ ಮತ್ತೆ ಅಷ್ಟೇ ಒತ್ತಿದರೆ ಏನಾಗುತ್ತೆ? ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಉರಿ ತಲುಪುವ ಮುಂಚೆಯೇ ಮೂಲೆಯಲ್ಲಿರೋ ಮಿಶ್ರಣ ತಾನಾಗೇ ಸಿಡಿಯುತ್ತೆ. ಇದಕ್ಕೇ ನಾಕಿಂಗ್ ಅನ್ನೋದು. ಪಿಸ್ಟನ್ನಿನ ತಲೆಗೆ ಸುತ್ತಿಗೆ ಏಟು ಬಿದ್ದಂತೆ. ತಪ್ಪಿಸೋಕೆ ಸ್ಪಾರ್ಕನ್ನು ತಡ ಮಾಡಬೇಕು, ಪೆಟ್ರೋಲು ಹೆಚ್ಚು ಸುರೀಬೇಕು. ಆದರೆ 1989ರ ಕಂಪ್ಯೂಟರಿಗೆ ಟರ್ಬೋ ಅಂದರೇನು ಅಂತಲೇ ಗೊತ್ತಿಲ್ಲ. ಅದರ ಗಾಳಿ ಅಳೆಯೋ ಯಂತ್ರ ಒಂದು ರೆಕ್ಕೆಯ ಬಾಗಿಲು. ಅದು ಪೂರ್ತಿ ತೆರೆದ ಮೇಲೆ ಎಷ್ಟು ಗಾಳಿ ಬಂದರೂ ಅದಕ್ಕೆ ಒಂದೇ ಲೆಕ್ಕ. ಹಾಗಾಗಿ ಹೊಸ ಕಂಪ್ಯೂಟರು, ಹೊಸ ಇಂಜೆಕ್ಟರು, ಹೊಸ ಸೆನ್ಸರು, ಅದನ್ನೆಲ್ಲ ಟ್ಯೂನ್ ಮಾಡೋ ಒಬ್ಬ ಪುಣ್ಯಾತ್ಮ.

ಮುಗೀತಾ? ಇಲ್ಲ. ಹೆಚ್ಚಿದ ಟಾರ್ಕಿಗೆ ಕ್ಲಚ್ಚು ಜಾರುತ್ತೆ, ಬದಲಾಯಿಸಿ. 1.6 ಕಾರಿನ ಹಿಂದಿನ ಡಿಫರೆನ್ಷಿಯಲ್ ಸಣ್ಣದು, ಟರ್ಬೋ ಹಾಕಿದವರ ಕೈಲಿ ಮುರಿಯೋದಕ್ಕೇ ಹೆಸರಾದದ್ದು. 1994ರಲ್ಲಿ 1.8 ಎಂಜಿನ್ನು ಬಂದಾಗ ಮಜ್ದಾದವರೇ ದೊಡ್ಡದನ್ನು ಹಾಕಿದರು, ಬ್ರೇಕಿನ ಡಿಸ್ಕನ್ನೂ ದೊಡ್ಡದು ಮಾಡಿದರು. ಅಂದಹಾಗೆ ಬ್ರೇಕು... ಟರ್ಬೋ ಹಾಕಿಸಿದ ಎಷ್ಟು ಜನ ಮೊದಲು ಬ್ರೇಕು ಬದಲಾಯಿಸಿದ್ದಾರೆ ಅಂತ ಕೇಳಿ ನೋಡಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು!

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಒಂದು ಮಾಡ್ಯೂಲಿನ ಥ್ರೂಪುಟ್ ಹೆಚ್ಚಿಸಿ, ಅದರ ಕೆಳಗಿರೋ ಒಂದು ಸಿಸ್ಟಮನ್ನೂ ಟೆಸ್ಟ್ ಮಾಡದೆ ಶುಕ್ರವಾರ ಸಂಜೆ ಪ್ರೊಡಕ್ಷನ್ನಿಗೆ ತಳ್ಳಿದ ಹಾಗೆ. ಆಫೀಸಿನಲ್ಲಿ ಯಾರಾದರೂ ಹೀಗೆ ಮಾಡಿದರೆ ಕೋಡ್ ರಿವ್ಯೂನಲ್ಲಿ ಉಗಿದು ಉಪ್ಪಿನಕಾಯಿ ಹಾಕ್ತೀವಿ. ಅದೇ ನಾವು ಶನಿವಾರ ಗ್ಯಾರೇಜಿಗೆ ಹೋಗಿ ಅದನ್ನೇ ಮಾಡ್ತೀವಿ.

ನನ್ನ ಗೆಳೆಯನೊಬ್ಬ ಮಾಡಿಸಿದ. ಹೆಸರು ಬೇಡ, ಗ್ಯಾರೇಜಿನ ಹೆಸರೂ ಬೇಡ. ಎರಡು ವಾರದ ಕೆಲಸ ಅಂದಿದ್ದರು, ನಾಲ್ಕು ತಿಂಗಳಾಯ್ತು. ಬಂದ ಮೇಲೆ ಒಂದು ಬೇಸಿಗೆ ಓಡಿತು, ಆಮೇಲೆ ಹೆಡ್ ಗ್ಯಾಸ್ಕೆಟ್ ಹೋಯ್ತು. "ಟ್ಯೂನಿಂಗ್ ನಮ್ಮದಲ್ಲ" ಅಂದರು ಗ್ಯಾರೇಜಿನವರು. "ಜೋಡಣೆ ನಮ್ಮದಲ್ಲ" ಅಂದ ಟ್ಯೂನ್ ಮಾಡಿದವನು. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಕೊನೆಗೆ ಅವನು ಆ ಕಾರನ್ನು ಬಿಡಿಭಾಗದ ಬೆಲೆಗೆ ಮಾರಿದ. ಮೂವತ್ತು ವರ್ಷ ಯಾರಿಗೂ ತೊಂದರೆ ಕೊಡದೆ ಓಡಿದ್ದ ಕಾರು.

ನನ್ನ ಮಾತು ನಂಬಬೇಡಿ, ಮಜ್ದಾ ಕಂಪನಿಯನ್ನೇ ಕೇಳಿ. 2004ರಲ್ಲಿ ಅವರೇ ಟರ್ಬೋ ಮಿಯಾಟಾ ಮಾಡಿದರು, ಮಜ್ದಾಸ್ಪೀಡ್ ಅಂತ. ಆಗ ಮಾಮೂಲಿ ಕಾರಿಗೆ 142 ಅಶ್ವಶಕ್ತಿ, ಇದಕ್ಕೆ 178. ಕಾರ್ಖಾನೆ, ಲ್ಯಾಬು, ಎಂಜಿನಿಯರುಗಳ ಪಡೆ ಎಲ್ಲಾ ಇಟ್ಟುಕೊಂಡು ಅವರು ಏರಿಸಿದ್ದು 36. ಅಷ್ಟಕ್ಕೇ ಕಂಪ್ರೆಷನ್ ಇಳಿಸಿದರು, ಕ್ಲಚ್ಚು ಬಲಪಡಿಸಿದರು, ಆರು ಗೇರು ಕೊಟ್ಟರು, ರೇಡಿಯೇಟರು ದೊಡ್ಡದು ಮಾಡಿದರು, ಸ್ಪ್ರಿಂಗು ಡ್ಯಾಂಪರು ಗಟ್ಟಿ ಮಾಡಿದರು. 2005ಕ್ಕೆ ಅದನ್ನು ನಿಲ್ಲಿಸಿದರು. ಆಮೇಲೆ ಬಂದ ಎರಡು ತಲೆಮಾರಿನ ಮಿಯಾಟಾಗಳಲ್ಲಿ ಕಂಪನಿ ಟರ್ಬೋ ತರಲಿಲ್ಲ.

ಹಾಗಂತ ಕೈಕಟ್ಟಿ ಕೂತರಾ? ಇಲ್ಲ. 2019ರ ಮಾದರಿಯ 2 ಲೀಟರ್ ಎಂಜಿನ್ನನ್ನು ನೋಡಿ. ಪಿಸ್ಟನ್ನು ಹಗುರ ಮಾಡಿದರು, ಕನೆಕ್ಟಿಂಗ್ ರಾಡು ಹಗುರ ಮಾಡಿದರು, ಉಸಿರಾಟದ ದಾರಿ ಅಗಲ ಮಾಡಿದರು. ಎಂಜಿನ್ನು ತಿರುಗುವ ಮಿತಿ 6800ರಿಂದ 7500ಕ್ಕೆ ಏರಿತು, ಶಕ್ತಿ 155ರಿಂದ 181ಕ್ಕೆ. ಹದಿನೈದು ವರ್ಷದ ಹಿಂದಿನ ಅವರದೇ ಟರ್ಬೋ ಕಾರಿಗಿಂತ ಮೂರು ಹೆಚ್ಚು, ಅದೂ ಟರ್ಬೋ ಇಲ್ಲದೆ! ನನಗಂತೂ ಇದು ಕವಿತೆ ಓದಿದಷ್ಟು ಖುಷಿ ಕೊಟ್ಟಿತ್ತು.

ಈಗ ಎದುರು ಪಕ್ಷದ ವಾದಗಳು.

ಒಂದು: "ಮಿಯಾಟಾದ 1.6 ಎಂಜಿನ್ನು ಮಜ್ದಾ 323 ಟರ್ಬೋ ಕಾರಿನ ಎಂಜಿನ್ನಿನ ಸೋದರ, ಅದಕ್ಕೆ ತಾಕತ್ತಿದೆ." ನಿಜ, ಬುಡದ ಭಾಗ ಗಟ್ಟಿಮುಟ್ಟಾಗಿದೆ. ಆದರೆ ಆ ಸೋದರನ ಕಂಪ್ರೆಷನ್ ಬೇರೆ, ಪಿಸ್ಟನ್ನು ಬೇರೆ, ಕಂಪ್ಯೂಟರು ಬೇರೆ. ಅಣ್ಣ ಕುಸ್ತಿ ಪೈಲ್ವಾನ ಅಂತ ತಮ್ಮನನ್ನು ಅಖಾಡಕ್ಕೆ ತಳ್ತೀರಾ?

ಎರಡು: "ಪೋರ್ಷೆ, ಫೆರಾರಿಯವರೇ ಟರ್ಬೋಗೆ ಹೋದರು, ನಿಂದೇನು?" ಹೌದು, 2015ರಲ್ಲಿ ಫೆರಾರಿ 458ರ ಜಾಗಕ್ಕೆ ಟರ್ಬೋದ 488 ಬಂತು. ಅದೇ ವರ್ಷ ಪೋರ್ಷೆ 911 ಕರೇರಾ ಕೂಡ ಟರ್ಬೋ ಆಯ್ತು. ಅವರು ಹಳೇ ಎಂಜಿನ್ನಿಗೆ ಟರ್ಬೋ ತಗುಲಿಸಲಿಲ್ಲ ಸ್ವಾಮಿ, ಟರ್ಬೋಗಾಗಿಯೇ ಹೊಸ ಎಂಜಿನ್ನು ಕಟ್ಟಿದರು. ಹೊಗೆ ನಿಯಮಗಳ, ಮೈಲೇಜ್ ನಿಯಮಗಳ ಒತ್ತಡವೂ ಇತ್ತು. ಅಷ್ಟಾದರೂ ಪೋರ್ಷೆ ತನ್ನ 911 ಜಿಟಿ3ಗೆ ಟರ್ಬೋ ಹಾಕಲಿಲ್ಲ. 2016ರಲ್ಲಿ ಕೇಮನ್‌ಗೆ ನಾಲ್ಕು ಸಿಲಿಂಡರಿನ ಟರ್ಬೋ ಕೊಟ್ಟು ಅಭಿಮಾನಿಗಳಿಂದ ಬೈಸಿಕೊಂಡ ಮೇಲೆ, 2020ರಲ್ಲಿ ಅದರ ಜಿಟಿಎಸ್ ಮಾದರಿಗೆ ಟರ್ಬೋ ಇಲ್ಲದ ಆರು ಸಿಲಿಂಡರಿನ 4 ಲೀಟರ್ ಎಂಜಿನ್ನನ್ನು ವಾಪಸ್ ತಂದಿತು. ಟೊಯೋಟಾ 86 ಕಾರಿಗೂ "ಟರ್ಬೋ ಕೊಡಿ" ಅಂತ ಜನ ವರ್ಷಗಟ್ಟಲೆ ಕೂಗಿದರು. ಹೊಸ ತಲೆಮಾರಿನಲ್ಲಿ ಸಿಕ್ಕಿದ್ದು ಟರ್ಬೋ ಅಲ್ಲ, 2 ಲೀಟರಿನ ಬದಲು 2.4 ಲೀಟರು.

ಮೂರು: "ಅದೆಲ್ಲಾ ಬಿಡು, ಮಜಾ ಬರುತ್ತಲ್ಲ!" ಇದೇ ಅವರ ಪ್ರಾಮಾಣಿಕ ವಾದ, ಇದಕ್ಕೇ ನನ್ನ ಮುಖ್ಯ ಉತ್ತರ. ಮಿಯಾಟಾದ ಮಜಾ ಇರೋದು ಬಲಗಾಲಿಗೂ ಹಿಂದಿನ ಚಕ್ರಕ್ಕೂ ನಡುವೆ ಯಾರೂ ಇಲ್ಲದಿರೋದರಲ್ಲಿ. ಒಂದು ಅಕ್ಕಿಕಾಳಿನಷ್ಟು ಒತ್ತಿದರೆ ಒಂದು ಅಕ್ಕಿಕಾಳಿನಷ್ಟೇ ಶಕ್ತಿ, ಅದೂ ಆ ಕ್ಷಣಕ್ಕೇ. ಟರ್ಬೋ ಬಂದರೆ ನಡುವೆ ಒಬ್ಬ ದಲ್ಲಾಳಿ ಬಂದು ಕೂತ ಹಾಗೆ. ನೀವು ಕೇಳ್ತೀರಿ, ಅವನು "ಇರಿ, ಹೊಗೆ ಬರಲಿ, ಚಕ್ರ ತಿರುಗಲಿ" ಅಂತಾನೆ, ಆಮೇಲೆ ಒಂದೇ ಸಲ ಕೊಡ್ತಾನೆ. ನೆಟ್ಟಗಿನ ರಸ್ತೆಯಲ್ಲಿ ಇದು ರೋಮಾಂಚನ. ತಿರುವಿನ ನಡುವೆ, ಹಿಂದಿನ ಚಕ್ರ ತಳ್ಳುವ ಟನ್ನೂ ತೂಗದ ಕಾರಿನಲ್ಲಿ, ಎಬಿಎಸ್ಸು ಗಿಬಿಎಸ್ಸು ಇಲ್ಲದ ಹಳೇ ಮಾದರಿಯಲ್ಲಿ, ಒಂದು ಪಕ್ಕ ಬೆಟ್ಟ ಇನ್ನೊಂದು ಪಕ್ಕ ಪ್ರಪಾತ ಇರುವಾಗ? ಹಿಂಭಾಗ ಜಾರಿದರೆ ಅದು ಮಜಾ ಅಲ್ಲ.

ಕಾನೂನಿನ ಮಾತೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ರಸ್ತೆಗಿಳಿಯೋ ಕಾರಿಗೆ ಟರ್ಬೋ ಕಿಟ್ ಹಾಕಬೇಕಾದರೆ ಏರ್ ರಿಸೋರ್ಸಸ್ ಬೋರ್ಡಿನ ಮಂಜೂರಾತಿ ಸಂಖ್ಯೆ ಆ ಕಿಟ್ಟಿಗೆ ಇರಬೇಕು. ಇಲ್ಲದಿದ್ದರೆ ಎರಡು ವರ್ಷಕ್ಕೊಮ್ಮೆ ಬರೋ ಸ್ಮಾಗ್ ಪರೀಕ್ಷೆಯಲ್ಲಿ ಕಣ್ಣಲ್ಲಿ ನೋಡಿಯೇ ಫೇಲ್ ಮಾಡ್ತಾರೆ. ಊರಲ್ಲಿರೋ ಗೆಳೆಯರೂ ಕೇಳಿಸಿಕೊಳ್ಳಿ. ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಾಗುವ ಹಾಗೆ ವಾಹನ ತಿದ್ದುವಂತಿಲ್ಲ ಅಂತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲೇ ಹೇಳಿದೆ. ಅದೇ ವರ್ಷದ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ, ಅನುಮತಿ ಇಲ್ಲದ ಬದಲಾವಣೆಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ ಇದೆ.

ಹಾಗಾದರೆ ಏನು ಮಾಡೋದು? ಒಳ್ಳೇ ಟೈರು ಹಾಕಿ. ಬ್ರೇಕ್ ಪ್ಯಾಡು, ಬ್ರೇಕ್ ಎಣ್ಣೆ ಬದಲಾಯಿಸಿ. ಮೂವತ್ತು ವರ್ಷದ ರಬ್ಬರ್ ಬುಷ್ಷುಗಳನ್ನು ಕಿತ್ತು ಹೊಸದು ಕೂರಿಸಿ, ಅಲೈನ್‌ಮೆಂಟ್ ಮಾಡಿಸಿ. ಉಳಿದ ದುಡ್ಡಲ್ಲಿ ಲಗುನಾ ಸೆಕಾಗೋ ಸೋನೋಮಾಗೋ ಹೋಗಿ, ಟ್ರ್ಯಾಕ್ ದಿನದಲ್ಲಿ ಪಕ್ಕ ಒಬ್ಬ ಗುರುವನ್ನು ಕೂರಿಸಿಕೊಂಡು ಓಡಿಸೋದು ಕಲಿಯಿರಿ. ಎಂಜಿನ್ನಿನಲ್ಲಿ ಸಿಗದ ವೇಗ ಡ್ರೈವರಿನಲ್ಲಿ ಎಷ್ಟು ಬಾಕಿ ಇದೆ ಅಂತ ಆಗ ಗೊತ್ತಾಗುತ್ತೆ. ಇಷ್ಟಾದ ಮೇಲೂ ಟರ್ಬೋ ಬೇಕೇ ಬೇಕು ಅನ್ನಿಸಿದರೆ, ಟರ್ಬೋ ಜೊತೆಗೇ ಹುಟ್ಟಿದ ಕಾರು ಕೊಳ್ಳಿ. ಮಜ್ದಾಸ್ಪೀಡ್ ಹುಡುಕಿ. ಇಲ್ಲಾ ಮಿಯಾಟಾದ ಮೈ ಮೇಲೇ ಕಟ್ಟಿದ, 1.4 ಲೀಟರ್ ಟರ್ಬೋ ಇರೋ ಫಿಯಟ್ 124 ಸ್ಪೈಡರ್ ಸೆಕೆಂಡ್ ಹ್ಯಾಂಡ್ ಸಿಗುತ್ತೆ.

ಮೊದಲ ತಲೆಮಾರಿನ ಮಿಯಾಟಾ ತಯಾರಾಗೋದು ನಿಂತು ಕಾಲವಾಗಿದೆ. ಇರೋದು ಇಷ್ಟೇ, ಪ್ರತಿವರ್ಷ ಕಡಿಮೆಯಾಗ್ತಾ ಇದೆ. ಒಂದು ಕಾರನ್ನು ಕೆಡಿಸಿದರೆ ಕೆಡೋದು ನಿಮ್ಮ ಕಾರಷ್ಟೇ ಅಲ್ಲ, ಮುಂದೆ ಯಾವನೋ ಹುಡುಗನಿಗೆ ಗೇರು ಹಾಕೋ ಖುಷಿ ಕಲಿಸಬಹುದಾಗಿದ್ದ ಮೇಷ್ಟ್ರು ಒಬ್ಬರು ಹೋದ ಹಾಗೆ.

ಟರ್ಬೋ ಪಕ್ಷದವರು ಬೈಯೋದಕ್ಕೆ ಬರ್ತೀರಿ ಅಂತ ಗೊತ್ತು. ಬನ್ನಿ, ಕಾಮೆಂಟಿಸಿ. ಆದರೆ ಬರೋ ಮುಂಚೆ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬನ್ನಿ: ಈಗಿರೋ 116 ಕುದುರೆಗಳನ್ನು ಪೂರ್ತಿ ಓಡಿಸೋದು ನಿಮಗೆ ಬಂದಿದೆಯಾ?