ಇಸಬಗೋಲು ಮತ್ತು ಒರೆಗಲ್ಲು

ಸಸ್ಯಜನ್ಯ ಔಷಧಗಳ ವಿಷಯದಲ್ಲಿ ನಮ್ಮ ಸಮಾಜವು ಎರಡು ಅತಿರೇಕಗಳ ನಡುವೆ ತೊಳಲುತ್ತಿದೆ. ಒಬ್ಬರಿಗೆ ಬೇರು-ನಾರುಗಳೆಲ್ಲ ಸಂಜೀವಿನಿ. ಮತ್ತೊಬ್ಬರಿಗೆ ಅವೆಲ್ಲ ಮೌಢ್ಯ. ಇವೆರಡೂ ವಿಚಾರಹೀನವೆಂಬುದಕ್ಕೆ ಇಸಬಗೋಲಿನ ದೃಷ್ಟಾಂತವೊಂದೇ ಸಾಕು.

ಪಾರಸಿಯಲ್ಲಿ ಕುದುರೆಕಿವಿಯೆಂಬ ಅರ್ಥವುಳ್ಳ ಹೆಸರಿನ ಈ ಬೀಜವನ್ನು ಗುಜರಾತ, ರಾಜಸ್ಥಾನಗಳಲ್ಲಿ ಹೇರಳವಾಗಿ ಬೆಳೆಯುತ್ತಾರೆ. ಅದರ ಸಿಪ್ಪೆ ನೀರಿನಲ್ಲಿ ಉಬ್ಬಿ ಲೋಳೆಯಾಗುವುದು ಅದರೊಳಗಿನ ಬಹುಶರ್ಕರಗಳಿಂದ. ದೊಡ್ಡ ಕರುಳಿನ ಸೂಕ್ಷ್ಮಾಣುಗಳು ಬೀಜದ ನಾರಿನ ಒಂದಂಶವನ್ನು ಹುದುಗಿಸಿ ಬ್ಯುಟಿರೇಟನ್ನು ಉಂಟುಮಾಡುತ್ತವೆ. ಕರುಳಿನ ಒಳಪೊರೆಯ ಕೋಶಗಳಿಗೆ ಅದೇ ಮುಖ್ಯ ಆಹಾರ.

ದೊಡ್ಡ ಕರುಳಿನ ಹುಣ್ಣು-ಉರಿಯೂತದಿಂದ ಬಳಲಿ ಶಮನ ಪಡೆದಿದ್ದ 105 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯನ್ನು ಸ್ಪೇನಿನ ವೈದ್ಯರು 1999ರಲ್ಲಿ ಪ್ರಕಟಿಸಿದರು. ವರ್ಷದೊಳಗೆ ಈ ಬೀಜವನ್ನು ಸೇವಿಸಿದವರಲ್ಲಿ ಶೇಕಡಾ 40, ಮೆಸಲಮಿನ್ ಸೇವಿಸಿದವರಲ್ಲಿ 35, ಎರಡನ್ನೂ ಸೇವಿಸಿದವರಲ್ಲಿ 30 ಮಂದಿಗೆ ರೋಗ ಮರುಕಳಿಸಿತು. ಆದರೆ ಪರೀಕ್ಷಿತರು ಅಲ್ಪಸಂಖ್ಯರು. ಯಾರಿಗೆ ಯಾವ ಮದ್ದೆಂಬುದೂ ಗುಪ್ತವಾಗಿರಲಿಲ್ಲ. ಆದುದರಿಂದ ಇದು ಆಶಾಕಿರಣವೇ ಹೊರತು ಸಿದ್ಧಾಂತವಲ್ಲ.

ಇಷ್ಟನ್ನೇ ನೆಚ್ಚಿ ವೈದ್ಯರಿತ್ತ ಮದ್ದನ್ನು ತೊರೆದವನು ರಕ್ತಭೇದಿಯಿಂದ ಸೊರಗಿಯಾನು. ಕರುಳು ಸಂಕುಚಿತವಾದವನಿಗೆ ಉಬ್ಬುವ ಸಿಪ್ಪೆಯೇ ಅಡಚಣೆಯಾದೀತು. ಹಾಗೆಂದು ಅಗ್ಗದ ಬೀಜವೆಂದು ಅದನ್ನು ಕಡೆಗಣಿಸುವುದೂ ವಿವೇಕವಲ್ಲ. ಬಡರೋಗಿಗೆ ಅಗ್ಗವೇ ಒಂದು ಗುಣ.

ಮನುಷ್ಯನ ಹಿರಿಮೆಯನ್ನು ಹುಟ್ಟಿನಿಂದ ಅಳೆಯಬಾರದು, ನಡತೆಯಿಂದ ಅಳೆಯಬೇಕೆಂದು ಶರಣರು ಸಾರಿದರು. ಔಷಧಕ್ಕೂ ಅದೇ ಒರೆಗಲ್ಲು ಸಲ್ಲುತ್ತದೆ. ಅದನ್ನು ಮಕ್ಕಳ ಕೈಗಿಡುವುದು ಅಧ್ಯಾಪಕರ ಕಾಯಕ. ಶಾಲೆಯ ಪ್ರಯೋಗಮಂದಿರಕ್ಕೆ ನೆರವೀಯುವುದು ದಾನಿಗಳ ದಾಸೋಹ.