ಮೌಸ್ ಓಡಾಡಿಸಿದ್ದು ನಾನಲ್ಲ

“ಅಣ್ಣಾ, ಮೌಸ್ ತಾನಾಗೇ ಓಡಾಡ್ತಿದೆ. ನೀನೇನಾ?”

ಹೋದ ವರ್ಷ ಒಂದು ಶನಿವಾರ ರಾತ್ರಿ ದಂಡಿಗನಹಳ್ಳಿಯಿಂದ ತಂಗಿ ಫೋನ್ ಮಾಡಿದಾಗ ನಾನು ಬೆಂಗಳೂರಲ್ಲಿ ತರಕಾರಿ ಅಂಗಡಿ ಮುಂದೆ ನಿಂತಿದ್ದೆ. ಲ್ಯಾಪ್‌ಟಾಪ್ ರೂಮಲ್ಲಿತ್ತು. “ಮೊದ್ಲು ರೂಟರ್ ಆಫ್ ಮಾಡು” ಅಂದೆ. ನನ್ನ ದನಿ ಕೇಳಿಯೇ ಅವಳು ಹೆದರಿಬಿಟ್ಟಳು.

ತಪ್ಪು ನನ್ನದೇ. ಊರಿನ ಕಂಪ್ಯೂಟರಲ್ಲಿ ಏನಾದ್ರೂ ಕೆಟ್ಟರೆ ಇಲ್ಲಿಂದಲೇ ಸರಿಮಾಡೋಣ ಅಂತ ವಿಎನ್‌ಸಿ ಹಾಕಿದ್ದೆ. ಅವಳು ನೋಡೋ ಪರದೆಯನ್ನೇ ನಾನೂ ನೋಡಬಹುದು, ಮೌಸ್ ಹಿಡಿಯಬಹುದು. ಅದಕ್ಕಾಗಿ ರೂಟರಿನಲ್ಲಿ 5900 ನಂಬರಿನ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟೆ. ಪಾಸ್‌ವರ್ಡ್ ಇದೆಯಲ್ಲ ಅನ್ನೋ ಧೈರ್ಯ. ಆದ್ರೆ ಹಳೇ ವಿಎನ್‌ಸಿ ಪದ್ಧತಿಯಲ್ಲಿ ಪಾಸ್‌ವರ್ಡಿನ ಮೊದಲ 8 ಅಕ್ಷರ ಮಾತ್ರ ಲೆಕ್ಕಕ್ಕೆ ಬರುತ್ತೆ. ಇಂಥ ತೆರೆದ ಪೋರ್ಟುಗಳನ್ನ ಹುಡುಕೋ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡ್ತಾನೇ ಇರ್ತವೆ. ದಂಡಿಗನಹಳ್ಳಿ ಎಲ್ಲಿದೆ ಅಂತ ಅವಕ್ಕೆ ಗೊತ್ತಿರಬೇಕಿಲ್ಲ.

ಆ ಕಂಪ್ಯೂಟರಲ್ಲಿ ತಂಗಿಯ ಮಾರ್ಕ್ಸ್ ಕಾರ್ಡು, ಅಪ್ಪನ ಪಾಸ್‌ಬುಕ್, ಜಮೀನಿನ ಪಹಣಿ ಎಲ್ಲಾ ಇದ್ದವು. ಬಂದವನು ಏನೇನು ನೋಡಿದ ಅಂತ ತಿಳಿಯೋಣ ಅಂದ್ರೆ ದಾಖಲೆಯೇ ಇಲ್ಲ, ನಾನು ಇಟ್ಟಿರಲೇ ಇಲ್ಲ. ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸಿ, ಬ್ಯಾಂಕಿಗೆ ತಿಳಿಸಿ, ಕಂಪ್ಯೂಟರನ್ನ ಪೂರ್ತಿ ಅಳಿಸಿ ಹೊಸದಾಗಿ ಸಜ್ಜು ಮಾಡಿದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಮುಂದಿನ ವಾರ ಊರಿಗೆ ಹೋಗಿ ಎರಡು ಕೆಲಸ ಮಾಡಿದೆ.

ಮೊದಲನೇದು ದಾರಿ. ತೆರೆದ ಕಾಲುವೆಯಲ್ಲಿ ಹರಿಯೋ ನೀರಿಗೆ ಯಾರು ಬೇಕಾದ್ರೂ ಕೈ ಹಾಕಬಹುದು; ಪೈಪಲ್ಲಿ ತಂದ್ರೆ ಆಗಲ್ಲ. ಆ ಪೈಪೇ ಎಸ್‌ಎಸ್‌ಎಚ್ ಟನೆಲ್. 1995ರಲ್ಲಿ ಫಿನ್ಲೆಂಡಿನ ತಾತು ಯ್ಲೋನೆನ್ ತಮ್ಮ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡ್ ಕದ್ದ ಮೇಲೆ ಎಸ್‌ಎಸ್‌ಎಚ್ ಬರೆದರು. ಈಗ ನಮ್ಮ ವಿಎನ್‌ಸಿ ಹೊರಗಿನವರಿಗೆ ಕಾಣೋದೇ ಇಲ್ಲ, ಅದೇ ಕಂಪ್ಯೂಟರಿನ ಒಳಗಿನಿಂದ ಬಂದ ಕರೆಗೆ ಮಾತ್ರ ಓಗೊಡುತ್ತೆ. ನಾನು ಮೊದಲು ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಬೇಕು, ಆಮೇಲೆ ಪರದೆ. ಅಲ್ಲಿ ಪಾಸ್‌ವರ್ಡ್ ನಡೆಯಲ್ಲ; ನನ್ನ ಲ್ಯಾಪ್‌ಟಾಪಿನಲ್ಲಿರೋ ಕೀ ಫೈಲೇ ಬೇಕು.

ಎರಡನೇದು ಸೆಷನ್, ಅಂದ್ರೆ ಒಬ್ಬರು ಒಳಗೆ ಬಂದಾಗಿನಿಂದ ಹೊರಗೆ ಹೋಗೋವರೆಗಿನ ಲೆಕ್ಕ. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಯಾವಾಗ ಹೋದರು ಅನ್ನೋದು ಈಗ ಫೈಲಿಗೆ ಬೀಳುತ್ತೆ. ಹತ್ತು ನಿಮಿಷ ಏನೂ ಮಾಡದೆ ಕೂತರೆ ಸಂಪರ್ಕ ತಾನಾಗೇ ಕಡಿಯುತ್ತೆ. ಆಫೀಸಿನ ರಿಮೋಟ್ ಡೆಸ್ಕ್‌ಟಾಪ್ ಬಳಸೋರು ಒಂದು ಮಾತು ನೆನಪಿಡಿ: ಎಷ್ಟೋ ಕಡೆ ಕಿಟಕಿಯ ಇಂಟು ಗುರುತು ಒತ್ತಿದ್ರೆ ಸೆಷನ್ ಮುಗಿಯಲ್ಲ, ಆ ಕಡೆ ಓಡ್ತಾನೇ ಇರುತ್ತೆ. ಕರೆಂಟ್ ಹೋದಾಗ ಅದು ಉಪಕಾರ, ಅರ್ಧ ಮಾಡಿದ ಕೆಲಸ ಉಳಿಯುತ್ತೆ. ಕೆಲಸ ಮುಗಿದ ಮೇಲೆ ಮಾತ್ರ ಲಾಗ್ಔಟ್ ಮಾಡಲೇಬೇಕು.

ಎಲ್ಲಾ ಮುಗಿಸಿ ತೋರಿಸಿದಾಗ ತಂಗಿ ಕೇಳಿದ್ದು ಒಂದೇ ಪ್ರಶ್ನೆ. “ಕಳ್ಳ ಬರಲ್ಲ ಸರಿ. ನೀನು ಬಂದಾಗ ನಂಗೆ ಹೆಂಗೆ ಗೊತ್ತಾಗುತ್ತೆ?”

ಉತ್ತರ ಇರಲಿಲ್ಲ. ಅಷ್ಟು ದಿನ ನಾನೂ ಹೇಳದೆ ಕೇಳದೆ ಒಳಗೆ ಹೋಗ್ತಿದ್ದೆ. ಅದಕ್ಕೇ ಅವತ್ತು ರಾತ್ರಿ ಅವಳಿಗೆ ಮೊದಲು ಬಂದ ಅನುಮಾನ ನನ್ನ ಮೇಲೇ. ಮೌಸ್ ಓಡಾಡೋದನ್ನ ನಾನೇ ಅವಳಿಗೆ ಅಭ್ಯಾಸ ಮಾಡಿಸಿದ್ದೆ.

ಅಲ್ಲೇ ಕೂತು ಇನ್ನೊಂದು ಸಾಲು ಸೇರಿಸಿದೆ. ಈಗ ನಾನು ಸಂಪರ್ಕಿಸಿದ್ರೆ ಅವಳ ಪರದೆ ಮೇಲೆ ಒಂದು ಪುಟ್ಟ ಕಿಟಕಿ ಬಂದು ಒಪ್ಪಿಗೆ ಕೇಳುತ್ತೆ. ಅವಳು ಹೂಂ ಅಂದ್ರೆ ಮಾತ್ರ ಒಳಗೆ.

ಮೊನ್ನೆ ಅಪ್‌ಡೇಟ್ ಹಾಕೋಣ ಅಂತ ಪ್ರಯತ್ನಿಸಿದೆ. ಬೇಡ ಅಂತ ಒತ್ತಿ ಮೆಸೇಜ್ ಕಳಿಸಿದಳು: “ಓದ್ತಿದೀನಿ ಅಣ್ಣ, ಒಂಬತ್ತು ಗಂಟೆಗೆ ಬಾ.”

ಒಂಬತ್ತಕ್ಕೇ ಹೋದೆ.