ಹೂವಾಡಗಿತ್ತಿಯ ಬಡ್ಡಿ ಕಟ್ಟುವವರು ನಾವು



ಸೇವಂತಿಗೆ ರೇಟು ಬಿದ್ದಾಗಲೆಲ್ಲ ನಮ್ಮ ಹಳ್ಳಿಗಳ ಅರಳೀಕಟ್ಟೆಯ ಮೇಲೆ ಒಂದೇ ಮಾತು ಕೇಳಿಬರುತ್ತದೆ. ‘ಮಂಡೀಲಿ ನಮಗೆ ಕೇಜಿಗೆ ಹತ್ತು ರೂಪಾಯಿ. ಪೇಟೇಲಿ ಆ ಹೂವಿನೋಳು ಮೊಳಕ್ಕೆ ಮೂವತ್ತು ಅಂತಾಳೆ. ನಮ್ಮ ದುಡ್ಡೆಲ್ಲ ಅವಳ ಬುಟ್ಟೀಲಿ ಐತೆ ಕಣ್ರಿ!’ ಈ ಮಾತು ಆಡಿದವರನ್ನು ನಾನು ಕೇಳುವುದಿಷ್ಟೇ. ಸ್ವಾಮಿ, ಆ ಬುಟ್ಟಿಯೊಳಗೆ ಒಂದು ದಿನವಾದರೂ ಇಣುಕಿ ನೋಡಿದ್ದೀರಾ? ನೋಡಿದ್ದರೆ ಅಲ್ಲಿ ನಿಮ್ಮ ದುಡ್ಡು ಕಾಣುತ್ತಿರಲಿಲ್ಲ, ನಿಮ್ಮ ಹಾಗೇ ಸಾಲದಲ್ಲಿ ಬಿದ್ದಿರುವ ಒಂದು ಜೀವ ಕಾಣುತ್ತಿತ್ತು.

ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ, ದೇವಸ್ಥಾನದ ಬಾಗಿಲಲ್ಲಿ ಗೋಣಿ ಹಾಸಿಕೊಂಡು ಕೂತಿರುವ ಈ ಹೆಣ್ಣುಮಕ್ಕಳಲ್ಲಿ ಬಹಳ ಜನರಿಗೆ ಕೈಯಲ್ಲಿ ಸ್ವಂತ ಬಂಡವಾಳವಿಲ್ಲ. ಬೆಳಗಿನ ಜಾವ ಲೇವಾದೇವಿಯವನು ಬರುತ್ತಾನೆ, 900 ರೂಪಾಯಿ ಎಣಿಸಿ ಕೊಡುತ್ತಾನೆ. ಸಂಜೆ ದೀಪ ಹಚ್ಚುವ ಹೊತ್ತಿಗೆ 1000 ಎಣಿಸಿಕೊಂಡು ಹೋಗುತ್ತಾನೆ. ಇದಕ್ಕೆ ಪತ್ರವಿಲ್ಲ, ರಸೀದಿಯಿಲ್ಲ. ನಾಳೆ ಬೆಳಿಗ್ಗೆ ಮತ್ತೆ 900, ಸಂಜೆ ಮತ್ತೆ 1000.

ಈಗ ಲೆಕ್ಕ ಹಾಕೋಣ. ಆ 900ರಲ್ಲಿ ಆಟೋಗೆ 60, ದಾರಕ್ಕೆ ಕವರಿಗೆ 40 ಹೋಗಲಿ. ಹೂವಿಗೆ ಉಳಿದದ್ದು 800. ವ್ಯಾಪಾರ 1450 ಆಯಿತು ಎಂದು ಇಟ್ಟುಕೊಳ್ಳಿ. ಸಾಲಗಾರನಿಗೆ 1000, ಕೂತ ಜಾಗದ ಸುಂಕ 20. ಉಳಿಯಿತು 430. ಮಳೆ ಬಂದು ಬುಟ್ಟಿ ಅರ್ಧಕ್ಕೆ ನಿಂತರೆ ಅದೂ ಇಲ್ಲ, ಸಾಲಗಾರನ 1000 ಮಾತ್ರ ನಿಲ್ಲುವುದಿಲ್ಲ. ವರ್ಷಕ್ಕೆ 300 ದಿನ ಹೀಗೆ ನಡೆದರೆ 900 ರೂಪಾಯಿ ಅಸಲಿಗೆ ಆಕೆ ತೆತ್ತ ಬಡ್ಡಿ 30,000! ನೂರಕ್ಕೆ ವರ್ಷಕ್ಕೆ 24ರಂತೆ ಯಾರಾದರೂ ಸಾಲ ಕೊಟ್ಟರೂ, ಅದೇ 900ಕ್ಕೆ ಬಡ್ಡಿ 216 ರೂಪಾಯಿ ಆಗುತ್ತದೆ. ನಾವು ನಮ್ಮ ಸಾಲದ ವಿಷಯಕ್ಕೆ ಬೀದಿಗೆ ಇಳಿದವರು. ಇದಕ್ಕೆ ಏನು ಹೇಳುತ್ತೀರಿ?

ಇನ್ನೊಂದು ಸೂಕ್ಷ್ಮ ಇದೆ, ಅದು ನಮಗೆ ಸೇರಿದ್ದು. 800 ರೂಪಾಯಿ ಹೂವಿಗೆ 100 ರೂಪಾಯಿ ಬಡ್ಡಿ ಅಂದರೆ ಹೂವಿನ ಪ್ರತಿ ಎಂಟು ರೂಪಾಯಿಗೆ ಒಂದು ರೂಪಾಯಿ ಬಡ್ಡಿ. ಆ ರೂಪಾಯಿ ಯಾರ ಗಂಟಿನಿಂದ ಬರಬೇಕು? ಕೊಳ್ಳುವ ಗಿರಾಕಿ ಮೂವತ್ತಕ್ಕೆ ಮೇಲೆ ಒಂದು ಬಿಡಿಗಾಸು ಬಿಚ್ಚುವುದಿಲ್ಲ, ಮುಂದಿನ ಬುಟ್ಟಿಗೆ ಹೋಗುತ್ತಾನೆ. ಆಕೆಗೆ ಉಳಿದ ದಾರಿ ಕೊಳ್ಳುವ ಕಡೆ ಚೌಕಾಸಿ ಮಾಡುವುದು. ಚೌಕಾಸಿ ಮಾಡಿದರೆ ಮಂಡಿಯವನು ತನ್ನ ಕಮಿಷನ್ನು ಬಿಡುತ್ತಾನೆಯೇ? ಬಿಡುವುದಿಲ್ಲ. ನಿಮ್ಮ ಚೀಟಿಯಲ್ಲಿ ರೇಟು ಇಳಿಸುತ್ತಾನೆ. ಹೀಗೆ ಬಸ್‌ಸ್ಟ್ಯಾಂಡಿನ ಬಡ್ಡಿ ಸುತ್ತಿಕೊಂಡು ಬಂದು ನಮ್ಮ ತೋಟದ ಬೇಲಿ ದಾಟುತ್ತದೆ. ಅದಕ್ಕೇ ಹೇಳುವುದು, ಆ ಹೆಂಗಸು ಹೂವು ಕೊಳ್ಳುವುದರಲ್ಲಿ ನಾಲ್ಕು ಕಾಸು ಉಳಿಸಲು ಕಲಿತರೆ ಅದು ಆಕೆಯ ಮನೆಯ ಮಾತು ಮಾತ್ರ ಅಲ್ಲ. ಅಲ್ಲದೆ ನಮ್ಮಲ್ಲೇ ಎಷ್ಟು ಮನೆಗಳ ಮಗಳೋ, ನಾದಿನಿಯೋ, ಗಂಡ ಸತ್ತ ತಂಗಿಯೋ ತಾಲ್ಲೂಕು ಪೇಟೆಯಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿಲ್ಲ? ಈ ಪತ್ರಿಕೆಯನ್ನು ಆಕೆಗೂ ಓದಿ ಹೇಳಿ.

ಮೊದಲನೆಯದು ದುಡ್ಡಿನ ಮಾತು. ಹೂವಾಡಗಿತ್ತಿ ಕೊಳ್ಳುವ ಸರಕಿನಲ್ಲೆಲ್ಲ ದುಬಾರಿ ಸರಕು ಕನಕಾಂಬರವಲ್ಲ, ಆ 900 ರೂಪಾಯಿ. ಒಂದೇ ಬಸ್‌ಸ್ಟ್ಯಾಂಡಿನಲ್ಲಿ ಕೂರುವ ಹತ್ತು ಜನ ದಿನಕ್ಕೆ ತಲಾ 50 ರೂಪಾಯಿ ಒಟ್ಟು ಹಾಕಲಿ. ದಿನಕ್ಕೆ 500, ಎರಡು ದಿನಕ್ಕೆ 1000. ಎರಡು ದಿನಕ್ಕೊಬ್ಬರಂತೆ ಚೀಟಿ ಎತ್ತಿದರೆ ಇಪ್ಪತ್ತೇ ದಿನಕ್ಕೆ ಹತ್ತು ಜನರ ಕೈಯಲ್ಲೂ ಸ್ವಂತ 1000 ರೂಪಾಯಿ ಬಂತು. ಮೊದಲು ಎತ್ತಿದವಳು ಮೂರನೇ ದಿನದಿಂದಲೇ ದಿನಕ್ಕೆ 100 ಉಳಿಸುತ್ತಾಳೆ, ಆದ್ದರಿಂದ ತನ್ನ 50 ಕಟ್ಟುವುದು ಆಕೆಗೆ ಭಾರವಾಗುವುದಿಲ್ಲ. ಆದರೆ ಒಂದು ಕಟ್ಟುಪಾಡು ಬೇಕು. ಆ ಸಾವಿರ ಹೂವಿಗೇ ಮೀಸಲು. ಅದರಲ್ಲಿ ಮಗುವಿನ ಫೀಜು, ಗಂಡನ ಖರ್ಚು ಅಂತ ಮುರಿದರೆ ಮತ್ತೆ ಬೆಳಗಿನ ಜಾವದವನೇ ಗತಿ.

ಸರ್ಕಾರದ ಬಾಗಿಲೂ ಇದೆ, ತಟ್ಟುವವರು ಕಡಿಮೆ. ಬೀದಿ ವ್ಯಾಪಾರಿಗಳಿಗೆಂದು 2018ರಲ್ಲಿ ನಮ್ಮ ರಾಜ್ಯದಲ್ಲಿ ‘ಬಡವರ ಬಂಧು’ ಬಂತು. 2020ರಲ್ಲಿ ಕೇಂದ್ರದವರು ‘ಸ್ವನಿಧಿ’ ಎಂದು ಮೊದಲ ಕಂತಿಗೆ 10,000 ರೂಪಾಯಿ ಸಾಲ ಶುರು ಮಾಡಿದರು. 2025ರಲ್ಲಿ ಅದನ್ನು 15,000ಕ್ಕೆ ಏರಿಸಿದ್ದಾರೆ. ಸರಿಯಾಗಿ ಕಟ್ಟಿದವರಿಗೆ ಬಡ್ಡಿಯಲ್ಲಿ ನೂರಕ್ಕೆ ಏಳರಷ್ಟು ಸಹಾಯಧನ ಇದೆ. ಇದಕ್ಕೆ ಪುರಸಭೆಯ ಬೀದಿ ವ್ಯಾಪಾರಿ ಗುರುತಿನ ಚೀಟಿಯೋ ಶಿಫಾರಸು ಪತ್ರವೋ ಬೇಕು. ಒಬ್ಬೊಬ್ಬರೇ ಹೋದರೆ ‘ನಾಳೆ ಬಾ’ ಅಂತಾರೆ, ಹತ್ತು ಜನ ಒಟ್ಟಿಗೆ ಹೋಗಿ ಕೂತರೆ ಕಡತ ಮೇಲೇಳುತ್ತದೆ. ಕಚೇರಿಯ ಜಗಲಿಯ ಮೇಲೆ ಕೂರುವ ವಿದ್ಯೆ ನಮಗೆ ಗೊತ್ತಿರುವುದೇ, ಅವರಿಗೂ ಹೇಳಿಕೊಡೋಣ. ವಿಪರೀತ ಬಡ್ಡಿ ನಿಷೇಧಿಸುವ ಕಾಯ್ದೆ ಈ ರಾಜ್ಯದಲ್ಲಿ 2004ರಿಂದ ಇದೆ. ವಸೂಲಿ ದೌರ್ಜನ್ಯ ತಡೆಯಲು 2025ರಲ್ಲಿ ಇನ್ನೊಂದು ಬಂತು. ಎರಡೂ ಇವೆ, ಬೆಳಗಿನ ಜಾವದವನೂ ಇದ್ದಾನೆ!

ಇನ್ನು ಹೂವು ಕೊಳ್ಳುವ ರೀತಿ. ಮಂಡಿಯವನು ಚೀಲದ ಲೆಕ್ಕದಲ್ಲಿ ಮಾರುತ್ತಾನೆ. ಕಾಲು ಕೇಜಿ ಕೊಳ್ಳುವವಳಿಗೆ ಅವನು ಮುಖ ಕೊಡುವುದಿಲ್ಲ. ಆಗ ಆಕೆ ಮಂಡಿಯ ಮುಂದೆಯೇ ಚೀಲ ಬಿಚ್ಚಿ ಕೂತ ಚಿಲ್ಲರೆಯವನ ಹತ್ತಿರ ಕೊಳ್ಳಬೇಕು, ಕೇಜಿಗೆ ಎಂಟು ಹತ್ತು ರೂಪಾಯಿ ಅಲ್ಲೇ ಹೋಯಿತು. ಐದಾರು ಜನ ಸೇರಿ ಒಂದು ಚೀಲ ಎತ್ತಿ ಹಂಚಿಕೊಂಡರೆ ಆ ದುಡ್ಡು ಉಳಿಯಿತು. ಐದಾರು ಜನವೂ ನಿದ್ದೆಗೆಟ್ಟು ಹೋಗಬೇಕಾಗಿಲ್ಲ, ಸರದಿಯ ಮೇಲೆ ಇಬ್ಬರು ಹೋದರೆ ಸಾಕು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೀಟಿಲ್ಲ, ಮೂಟೆಗೆ ಲಗೇಜು ಕೊಡಬೇಕಾದರೂ ಆಟೋಗಿಂತ ಅಗ್ಗ.

ತಕ್ಕಡಿ ಸ್ವಂತದ್ದಿರಲಿ, ತೂಕ ಅಳತೆ ಇಲಾಖೆಯ ಮುದ್ರೆ ಇರಲಿ. ನೀರು ಚಿಮುಕಿಸಿದ ಹೂವು ತೂಗುವುದು ಹೆಚ್ಚು, ಬಾಳುವುದು ಕಡಿಮೆ. ಚೀಲದ ತಳಕ್ಕೆ ಕೈ ಹಾಕಿ ನೋಡಬೇಕು. ಬಿಸಿ ಹತ್ತಿದ್ದರೆ ಬಿಟ್ಟುಬಿಡುವುದು. ಉದ್ರಿ ತರುವವಳು ಒಂದು ದಿನ ‘ನಗದು ಕೊಟ್ಟರೆ ಎಷ್ಟು?’ ಎಂದು ಕೇಳಿ ನೋಡಲಿ. ಎರಡು ಬೆಲೆ ಇದೆ ಎಂದು ಆಗ ತಿಳಿಯುತ್ತದೆ. ಹೊತ್ತೇರಿದ ಮೇಲೆ ಮಂಡಿ ಖಾಲಿ ಮಾಡುವವರು ಅಗ್ಗಕ್ಕೆ ಕೊಡುತ್ತಾರೆ. ಅದೇ ದಿನ ಕಟ್ಟಿ ಮುಗಿಸುವ ಚೆಂಡುಹೂವಿನ ಹಾರಕ್ಕೆ ಅದು ನಡೆಯುತ್ತದೆ, ಮಲ್ಲಿಗೆಗೆ ನಡೆಯುವುದಿಲ್ಲ. ಮಲ್ಲಿಗೆ ಮೊಗ್ಗಾಗಿದ್ದಾಗಲೇ ಕೈಗೆ ಬರಬೇಕು. ಮದುವೆ ಹಾರಕ್ಕೆ, ದೇವರ ಅಲಂಕಾರಕ್ಕೆ ಒಪ್ಪಿಕೊಂಡರೆ ಮುಂಗಡ ಹಿಡಿಯದೆ ಹೂವು ತರಬಾರದು.

ಕೊಳೆಯದ ಸರಕೂ ಇದೆಯಲ್ಲ, ದಾರ. ಅದನ್ನು ದಿನಾ ಒಂದೊಂದು ಉಂಡೆ ಅಂತ ಪೆಟ್ಟಿಗೆ ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ಹತ್ತು ಜನ ಸೇರಿ ತಿಂಗಳಿಗಾಗುವಷ್ಟು ಒಟ್ಟಿಗೆ ತರಬಹುದು. ಅದಕ್ಕಿಂತ ಮೇಲು ಬಾಳೆ ನಾರು. ಗೊನೆ ಕಡಿದ ಮೇಲೆ ನಮ್ಮ ತೋಟದಲ್ಲಿ ದಿಂಡು ಬಿದ್ದು ಕೊಳೆಯುತ್ತದೆ. ಪಟ್ಟೆ ಸೀಳಿ ಒಣಗಿಸಿ ಇಟ್ಟುಕೊಂಡು, ಕಟ್ಟುವಾಗ ನೆನೆಸಿಕೊಂಡರೆ ಆಯಿತು. ಪ್ಲಾಸ್ಟಿಕ್ ಕೈಚೀಲವನ್ನು ನಮ್ಮ ರಾಜ್ಯ 2016ರಲ್ಲೇ ನಿಷೇಧಿಸಿದೆ, ಸಿಕ್ಕಿಬಿದ್ದರೆ ದಂಡ ಆಕೆಗೇ. ಹಿಂದೆ ಹೂವು ಬರುತ್ತಿದ್ದುದು ಮುತ್ತುಗದ ಎಲೆಯಲ್ಲಿ, ಬಾಳೆ ಎಲೆಯಲ್ಲಿ. ಒಳಗೆ ತಂಪಾಗಿಯೂ ಇರುತ್ತಿತ್ತು. ಗಾಳಿಗೆ ಹರಿದ ಬಾಳೆ ಎಲೆ ನಿಮ್ಮ ತೋಟದಲ್ಲಿ ಯಾರಿಗೂ ಬೇಡದ್ದು, ಆಕೆಗೆ ಅದು ಖರ್ಚು ಉಳಿಸುವ ಸರಕು.

ಇದೆಲ್ಲ ಕನಸಿನ ಮಾತು ಅನ್ನುವವರು ಉಡುಪಿ ಕಡೆ ನೋಡಿ. ಅಲ್ಲಿಯ ಶಂಕರಪುರದ ಮಲ್ಲಿಗೆಯನ್ನು ಬಾಳೆ ನಾರಿನಲ್ಲೇ ಕಟ್ಟುತ್ತಾರೆ. ಮಾರುವುದು ಮೊಳದ ಲೆಕ್ಕದಲ್ಲಲ್ಲ. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ 3200 ಹೂವು. ಅಟ್ಟೆಯ ಆ ದಿನದ ದರ ಶಂಕರಪುರದಲ್ಲಿ ಗೊತ್ತಾಗುತ್ತದೆ, ಬೆಳೆದವರಿಗೂ ಗೊತ್ತು, ಕೊಳ್ಳುವ ಅಂಗಡಿಯವರಿಗೂ ಗೊತ್ತು. ಅಲ್ಲಿ ದರ ಏರಿಳಿಯುವುದಿಲ್ಲವೆಂದು ನಾನು ಹೇಳುತ್ತಿಲ್ಲ, ಚೆನ್ನಾಗಿಯೇ ಏರಿಳಿಯುತ್ತದೆ. ಆದರೆ ಎಣಿಕೆ ಒಂದೇ, ದರ ಬಯಲಿನಲ್ಲಿ ಇರುತ್ತದೆ. ನಮ್ಮ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರದ ಕಡೆ? ಹೂವು ರಾತ್ರಿ ಬಸ್ಸಿಗೆ ಹಾಕಿ ಕಳಿಸುತ್ತೇವೆ, ಅದು ಎಷ್ಟಕ್ಕೆ ಹೋಯಿತೆಂದು ಚೀಟಿ ಬಂದ ಮೇಲೆ ನಮಗೆ ಗೊತ್ತಾಗುವುದು. ಒಂದು ಸಲ ನಮ್ಮ ಮನೆಯಲ್ಲಿ 60 ಕೇಜಿ ತೂಗಿ ಕಳಿಸಿದ ಸೇವಂತಿಗೆಗೆ ಮಂಡಿಯಿಂದ 54 ಎಂದು ಬಿಳಿ ಚೀಟಿ ಬಂತು. ಕೇಳಿದ್ದಕ್ಕೆ ‘ದಾರೀಲಿ ಬಾಡೈತೆ’ ಅಂದರು. ಕಮಿಷನ್ನೂ ಹಿಡಿದಿದ್ದರು. ಎಪಿಎಂಸಿ ನಿಯಮದಂತೆ ಕಮಿಷನ್ನು ಕೊಳ್ಳುವವನಿಂದ ಪಡೆಯಬೇಕು, ಮಾರುವ ರೈತನಿಂದ ಹಿಡಿಯುವ ಹಾಗಿಲ್ಲ. ನಿಯಮ ಗೋಡೆಯ ಮೇಲಿರುತ್ತದೆ, ಕಮಿಷನ್ನು ಚೀಟಿಯ ಮೇಲೆ.

ಹಾಗಾದರೆ ಆಕೆಯೂ ನಾವೂ ನೇರವಾಗಿ ಯಾಕೆ ಸೇರಬಾರದು? ಲೆಕ್ಕ ನೋಡಿ. ಆ ದಿನದ ಮಂಡಿ ದರ 40 ಇದ್ದರೆ ಕಮಿಷನ್ನು 4, ಲಗೇಜು ಹಮಾಲಿ 2 ಕಳೆದು ನಿಮ್ಮ ಕೈಗೆ 34. ಆಕೆ ಚಿಲ್ಲರೆಯವನಿಗೆ ಕೊಡುವುದು 50. ನಡುವೆ 16 ರೂಪಾಯಿ. 42ಕ್ಕೆ ಇಬ್ಬರೂ ಕೈಹೊಡೆದರೆ ನಿಮಗೆ ಎಂಟು ಹೆಚ್ಚು, ಆಕೆಗೆ ಎಂಟು ಉಳಿತಾಯ. ಊರಿನ ನಾಲ್ಕೈದು ಬೆಳೆಗಾರರು ಮಾತಾಡಿಕೊಂಡು ಮೊದಲನೇ ಬಸ್ಸಿಗೆ ತಾಲ್ಲೂಕು ಪೇಟೆಗೆ ಹೂವು ಮುಟ್ಟಿಸಿದರೆ ಹತ್ತು ಜನ ಹೆಂಗಸರು ಅಲ್ಲೇ ಹಂಚಿಕೊಳ್ಳುತ್ತಾರೆ. ಇಡೀ ತೋಟದ ಹೂವನ್ನು ಅವರು ಕೊಳ್ಳಲಾರರು, ಅದು ನನಗೂ ಗೊತ್ತು. ದಿನಕ್ಕೆ ಮೂವತ್ತು ನಲವತ್ತು ಕೇಜಿ ಹೋದೀತು, ಮಿಕ್ಕದ್ದು ಮಂಡಿಗೇ ಹೋಗಬೇಕು. ಆದರೆ 42ಕ್ಕೆ ಮಾರಿದ ಮನುಷ್ಯ ಮಂಡಿಯ ಮುಂದೆ ನಿಲ್ಲುವ ರೀತಿಯೇ ಬೇರೆ ಇರುತ್ತದೆ.

ಅಡ್ಡಿ ಎಲ್ಲಿದೆ ಅಂದರೆ ನಮ್ಮಲ್ಲೂ ಇದೆ. ಸಸಿಗೆ, ಡ್ರಿಪ್ಪಿಗೆ, ಗೊಬ್ಬರಕ್ಕೆ ಮಂಡಿಯವನ ಮುಂಗಡ ತಿಂದವನು ಒಂದು ಬುಟ್ಟಿ ಹೂವನ್ನೂ ಬೇರೆ ಕಡೆ ಕೊಡುವ ಹಾಗಿಲ್ಲ. ಆಕೆಯನ್ನು ಬೆಳಗಿನ ಜಾವದವನು ಕಟ್ಟಿದ್ದಾನೆ, ನಮ್ಮನ್ನು ಮುಂಗಡದವನು. ಮುಂಗಡ ತೀರಿಸಿಲ್ಲದವರು ಈ ಕೆಲಸಕ್ಕೆ ಇಳಿಯುವ ಮುಂಚೆ ಅದನ್ನು ತೀರಿಸುವ ದಾರಿ ನೋಡಬೇಕು. ತೀರಿಸಿದವರು ಮೊದಲು ಶುರು ಮಾಡಲಿ. ಮತ್ತೆ ನೇರಾನೇರ ವ್ಯಾಪಾರದಲ್ಲಿ ನಮ್ಮ ಕಳ್ಳಾಟವೂ ನಿಲ್ಲಬೇಕು. ಮೇಲೆ ದಪ್ಪ ಹೂವು, ತಳದಲ್ಲಿ ಪುಡಿ ಹೂವು ತುಂಬುವುದು, ವರಮಹಾಲಕ್ಷ್ಮಿ ಹಬ್ಬ ಬಂದ ಕೂಡಲೇ ಮಾತು ಮುರಿದು ಹೆಚ್ಚು ಕೊಟ್ಟವನಿಗೆ ಕೊಡುವುದು, ಇವನ್ನೆಲ್ಲ ಆ ಹೆಂಗಸರು ಮರೆಯುವುದಿಲ್ಲ. ಹಬ್ಬದಲ್ಲಿ ಅವರಿಗೆ ಹೂವು ಕೊಡದವನು ಪಿತೃಪಕ್ಷದಲ್ಲಿ ನನ್ನ ಹೂವು ಕೊಳ್ಳಿ ಎಂದು ಯಾವ ಮುಖದಲ್ಲಿ ಕೇಳುತ್ತಾನೆ?

2020ರ ಲಾಕ್‌ಡೌನಿನಲ್ಲಿ ನಾವು ಹೂವಿನ ಮೇಲೆ ಟ್ರ್ಯಾಕ್ಟರ್ ಹೊಡೆದೆವು. ಆ ಮೇ ತಿಂಗಳಲ್ಲಿ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಿಸಿತು. ಸಾಲದಾಯಿತೆಂದು ನಾವು ಕೂಗಿದೆವು, ಕೂಗಿದ್ದು ಸರಿ. ಆದರೆ ಅದೇ ಹೂವು ಕಟ್ಟಿ ಬದುಕುತ್ತಿದ್ದ ಹೆಂಗಸಿಗೆ ಹೆಕ್ಟೇರೂ ಇರಲಿಲ್ಲ, ಪಹಣಿಯೂ ಇರಲಿಲ್ಲ. ಆಕೆಗೆಂದು ಬಂದ ಸ್ವನಿಧಿಯೂ ತೀರಿಸಬೇಕಾದ ಇನ್ನೊಂದು ಸಾಲವೇ.

ಆಷಾಢ, ಪಿತೃಪಕ್ಷಗಳಲ್ಲಿ ಹೂವಿಗೆ ಗಿರಾಕಿ ಕಡಿಮೆ, ಪ್ರತಿ ವರ್ಷ ರಸ್ತೆ ಬದಿಗೆ ಹೂವು ಸುರಿಯುವುದು ಆಗಲೇ. ಈ ಸಲ ಅದಕ್ಕೆ ತಿಂಗಳು ಮೊದಲೇ ನಿಮ್ಮ ಹೋಬಳಿಯ ಬಸ್‌ಸ್ಟ್ಯಾಂಡಿಗೆ ಹೋಗಿ, ಹೂವಿನ ಬುಟ್ಟಿಗಳು ಎಷ್ಟಿವೆ ಎಣಿಸಿ, ದಿನಕ್ಕೆ ಯಾರಿಗೆ ಯಾವ ಹೂವು ಎಷ್ಟು ಬೇಕೆಂದು ಬರೆದುಕೊಳ್ಳಿ. ಹಬ್ಬಕ್ಕೂ ಸೇರಿಸಿ ಒಂದು ದರ ಮಾತಾಡಿ. ಹೋಗುವಾಗ ನಿಮ್ಮ ತಕ್ಕಡಿಯನ್ನೂ ಒಂದು ಕಟ್ಟು ಬಾಳೆ ಎಲೆಯನ್ನೂ ತೆಗೆದುಕೊಂಡು ಹೋಗಿ.